ಭಾರದ ಸಾಮಾನು ಬ್ಯಾಗಿನ ತಳಕ್ಕೆ ಹಾಕಬೇಕೇ? ಚಾರಣಕ್ಕೆ ಹೊರಡುವ ಮುನ್ನ ಒಮ್ಮೆ ಓದಿ

ಮಳೆಗಾಲ ಮುಗಿದು ಬೆಟ್ಟಗಳ ಹಾದಿ ತೆರೆಯಿತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಶುರುವಾಗುತ್ತವೆ. ಒಂದು, "ಈ ವಾರ ಕುಮಾರ ಪರ್ವತಕ್ಕೆ ಯಾರ್ಯಾರು ಬರ್ತೀರಾ?" ಇನ್ನೊಂದು, ಯಾರು ಬರೆದರೋ ಗೊತ್ತಿಲ್ಲದ "ಟ್ರೆಕ್ಕಿಂಗ್ ಟಿಪ್ಸ್". ಈಚೆಗೆ ನಮಗೆ ಬಂದ ಅಂಥದ್ದೊಂದು ಸಂದೇಶದಲ್ಲಿ ನಾಲ್ಕು ಸಲಹೆಗಳಿದ್ದವು:

1. ಭಾರದ ಸಾಮಾನೆಲ್ಲ ಬ್ಯಾಗಿನ ತಳಕ್ಕೆ ಹಾಕಿ, ಬ್ಯಾಲೆನ್ಸ್ ಚೆನ್ನಾಗಿರುತ್ತದೆ.
2. ಹೆಗಲ ಪಟ್ಟಿ ಸಡಿಲ ಬಿಡಿ, ಸೊಂಟದ ಬೆಲ್ಟ್ ಬರೀ ಶೋಕಿಗೆ.
3. ನೀರು ಒಂದು ಲೀಟರ್ ಸಾಕು, ಭಾರ ಕಡಿಮೆಯಾಗುತ್ತದೆ.
4. ದೊಡ್ಡ ಬ್ಯಾಗ್ ತಗೊಳ್ಳಿ, ಯಾವುದಕ್ಕೂ ಇರಲಿ.

ನಾಲ್ಕೂ ಕೇಳಲು ಸರಿ ಅನ್ನಿಸುತ್ತವೆ. ಆದರೆ ನಾಲ್ಕೂ ತಪ್ಪು. ಮೂರನೆಯದಂತೂ ಅಪಾಯ.

ಇದನ್ನು ನಾವು ಪುಸ್ತಕ ಓದಿಯಷ್ಟೇ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮದೇ ಬಳಗದ ಗೆಳೆಯನೊಬ್ಬ ಕುಮಾರ ಪರ್ವತದ ಹಾದಿಯಲ್ಲಿ, ಭಟ್ಟರ ಮನೆ ದಾಟಿದ ಮೇಲೆ, "ಹೆಗಲು ಕಿತ್ತು ಬರ್ತಿದೆ" ಎಂದು ಬ್ಯಾಗಿನಲ್ಲಿದ್ದ ಎರಡು ಲೀಟರ್ ನೀರನ್ನು ನೆಲಕ್ಕೆ ಸುರಿದುಬಿಟ್ಟ. ಮುಂದೆ ಇದ್ದದ್ದು ನೆರಳಿಲ್ಲದ ಹುಲ್ಲುಗಾವಲು. ಮಧ್ಯಾಹ್ನದ ಹೊತ್ತಿಗೆ ತಲೆಸುತ್ತು, ವಾಂತಿ, ಕಾಲಿನ ಮೀನಖಂಡಕ್ಕೆ ಸೆಳೆತ. ಇಬ್ಬರು ಹಿಡಿದುಕೊಂಡು ಕೆಳಗಿಳಿಸಬೇಕಾಯಿತು. ರಾತ್ರಿ ಅವನ ಬ್ಯಾಗ್ ಬಿಚ್ಚಿ ನೋಡಿದರೆ ಒಳಗೆ ಜೀನ್ಸ್ ಪ್ಯಾಂಟು, ದಪ್ಪ ಪವರ್ ಬ್ಯಾಂಕು, ಬ್ಲೂಟೂತ್ ಸ್ಪೀಕರು ಎಲ್ಲ ಹಾಗೇ ಇದ್ದವು. ನೀರು ಮಾತ್ರ ಇರಲಿಲ್ಲ.

ಅವನ ಬ್ಯಾಗಿನ ಭಾರ ಹೆಚ್ಚಾಗಿತ್ತು, ನಿಜ. ಆದರೆ ಆ ಭಾರ ಕೂರಬಾರದ ಜಾಗದಲ್ಲಿ ಕೂತಿದ್ದು ಅದಕ್ಕಿಂತ ದೊಡ್ಡ ತೊಂದರೆ. ಈ ಲೇಖನದಲ್ಲಿ ಆ ಜಾಗ ಯಾವುದು ಎಂದು ನೋಡೋಣ.

ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಭೌತಶಾಸ್ತ್ರ

ಹಳ್ಳಿಯಲ್ಲಿ ಬಾವಿಯಿಂದ ನೀರು ತರುವವರನ್ನು ನೆನಪಿಸಿಕೊಳ್ಳಿ. ತುಂಬಿದ ಕೊಡವನ್ನು ಯಾರೂ ಕೈಯಲ್ಲಿ ನೇತುಹಾಕಿಕೊಂಡು ದೂರ ನಡೆಯುವುದಿಲ್ಲ. ಒಂದೋ ಸಿಂಬಿ ಇಟ್ಟು ತಲೆಯ ಮೇಲೆ ಹೊರುತ್ತಾರೆ, ಇಲ್ಲವೇ ಸೊಂಟದ ಮೇಲೆ ಕೂರಿಸಿ ಮೈಗೆ ಒತ್ತಿ ಹಿಡಿಯುತ್ತಾರೆ. ಮಗುವನ್ನು ಎತ್ತಿಕೊಳ್ಳುವುದೂ ಹೀಗೆಯೇ.

ಇದರಲ್ಲಿ ಎರಡು ನಿಯಮಗಳಿವೆ. ಮೊದಲನೆಯದು, ಭಾರ ಮೈಗೆ ಹತ್ತಿರವಿರಬೇಕು. ಎರಡನೆಯದು, ಅದು ಮೂಳೆಯ ಮೇಲೆ ಕೂರಬೇಕು, ಸ್ನಾಯುವಿನಿಂದ ನೇತಾಡಬಾರದು.

ನಂಬಿಕೆ ಬರದಿದ್ದರೆ ಈಗಲೇ ಪರೀಕ್ಷಿಸಿ. ಒಂದು ಲೀಟರ್ ನೀರಿನ ಬಾಟಲಿಯನ್ನು ಎದೆಗೆ ಒತ್ತಿ ಹಿಡಿಯಿರಿ. ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದು. ಈಗ ಅದೇ ಬಾಟಲಿ ಹಿಡಿದು ಕೈಯನ್ನು ಮುಂದಕ್ಕೆ ನೇರವಾಗಿ ಚಾಚಿ. ಒಂದೆರಡು ನಿಮಿಷಕ್ಕೆ ಕೈ ನಡುಗತೊಡಗುತ್ತದೆ. ಬಾಟಲಿಯ ತೂಕ ಬದಲಾಗಿಲ್ಲ, ದೂರ ಬದಲಾಗಿದೆ. ಬೆನ್ನಿನ ಮೇಲಿನ ಚೀಲಕ್ಕೂ ಇದೇ ಲೆಕ್ಕ. 5 ಕೆ.ಜಿ. ಸಾಮಾನು ಬೆನ್ನಿನಿಂದ 10 ಸೆಂ.ಮೀ. ದೂರದಲ್ಲಿರುವುದಕ್ಕೂ 25 ಸೆಂ.ಮೀ. ದೂರದಲ್ಲಿರುವುದಕ್ಕೂ ಹಿಂದಕ್ಕೆ ಎಳೆಯುವ ತಿರುಚು ಬಲದಲ್ಲಿ ಎರಡೂವರೆ ಪಟ್ಟು ವ್ಯತ್ಯಾಸವಿದೆ. ಆ ಎಳೆತವನ್ನು ಸರಿದೂಗಿಸಲು ನೀವು ಗೊತ್ತಿಲ್ಲದೆಯೇ ಮುಂದಕ್ಕೆ ಬಾಗುತ್ತೀರಿ. ಬಾಗಿದಷ್ಟೂ ಕತ್ತು, ಹೆಗಲು, ಕೆಳಬೆನ್ನಿನ ಸ್ನಾಯುಗಳು ಬಿಡುವಿಲ್ಲದೆ ಬಿಗಿದಿರುತ್ತವೆ. ಸಂಜೆ ಬರುವ ನೋವಿನ ಮೂಲ ಇದೇ.

ಸಲಹೆ 1: "ಭಾರವೆಲ್ಲ ತಳಕ್ಕೆ"

ಲಾರಿಗೆ, ದೋಣಿಗೆ ಇದು ಸರಿ. ಭಾರ ಕೆಳಗಿದ್ದರೆ ವಾಹನ ಮಗುಚುವುದಿಲ್ಲ. ಆದರೆ ಮನುಷ್ಯನ ಬೆನ್ನು ಲಾರಿಯಲ್ಲ. ತಳದಲ್ಲಿ ಭಾರ ತುಂಬಿದ ಬ್ಯಾಗು ಕೆಳಕ್ಕೆ ಜೋತುಬಿದ್ದು, ಹೆಜ್ಜೆಹೆಜ್ಜೆಗೂ ಪೃಷ್ಠಕ್ಕೆ ಬಡಿಯುತ್ತಾ, ಹೆಗಲನ್ನು ಹಿಂದಕ್ಕೆ ಜಗ್ಗುತ್ತದೆ.

ಸರಿಯಾದ ಕ್ರಮ ಹೀಗಿದೆ. ಬ್ಯಾಗನ್ನು ಮೂರು ಅಂತಸ್ತಿನ ಮನೆ ಎಂದುಕೊಳ್ಳಿ.

ಕೆಳ ಅಂತಸ್ತು: ಹಗುರವಾದ, ಮೆತ್ತಗಿರುವ, ರಾತ್ರಿಯವರೆಗೆ ಬೇಕಾಗದ ಸಾಮಾನು. ಸ್ಲೀಪಿಂಗ್ ಬ್ಯಾಗ್, ಬದಲಿ ಬಟ್ಟೆ ಇಲ್ಲಿಗೆ. ಇವು ಮೇಲಿನ ಭಾರಕ್ಕೆ ದಿಂಬಿನಂತೆ ಆಧಾರವಾಗುತ್ತವೆ.

ನಡು ಅಂತಸ್ತು, ಬೆನ್ನಿಗೆ ಅಂಟಿಕೊಂಡಂತೆ: ಅತ್ಯಂತ ಭಾರದ ಸಾಮಾನು. ನೀರು, ಊಟದ ಡಬ್ಬಿ, ಅಡುಗೆ ಪಾತ್ರೆ, ಕ್ಯಾಮೆರಾ. ಇವು ಸೊಂಟಕ್ಕಿಂತ ಮೇಲೆ, ಹೆಗಲ ಹಿಂದಿನ ಚಪ್ಪಟೆ ಮೂಳೆಗಳ ಮಟ್ಟದವರೆಗೆ ಇರಲಿ. ಸುತ್ತ ಖಾಲಿ ಉಳಿದ ಜಾಗಕ್ಕೆ ಬಟ್ಟೆ ತುರುಕಿ. ಹಾಗೆ ಮಾಡಿದರೆ ಭಾರ ಅಲುಗಾಡುವುದಿಲ್ಲ, ಡಬ್ಬಿಯ ಮೂಲೆ ಬೆನ್ನಿಗೆ ಚುಚ್ಚುವುದಿಲ್ಲ.

ಮೇಲಿನ ಅಂತಸ್ತು: ದಾರಿಯಲ್ಲಿ ಥಟ್ಟನೆ ಬೇಕಾಗುವುದು. ಮಳೆ ಅಂಗಿ, ಟಾರ್ಚ್, ಔಷಧಿ ಪೊಟ್ಟಣ, ಕುರುಕಲು ತಿಂಡಿ.

ಒಂದು ವಿನಾಯಿತಿ ಇದೆ. ಕೈ ಊರಿ ಬಂಡೆ ಹತ್ತುವ ದಾರಿಯಾದರೆ ಭಾರವನ್ನು ಸ್ವಲ್ಪ ಕೆಳಗಿಳಿಸಿಕೊಳ್ಳಬಹುದು. ಭಾರ ತೀರಾ ಮೇಲಿದ್ದರೆ ಬಾಗಿದಾಗ ತಲೆಯ ಕಡೆಗೆ ತೂಗುತ್ತದೆ. ಆಗಲೂ ಭಾರ ಬೆನ್ನಿಗೆ ಅಂಟಿಕೊಂಡೇ ಇರಬೇಕು.

ಎಡ-ಬಲ ಸಮವಾಗಿರುವುದೂ ಮುಖ್ಯ. ಎರಡು ಪಕ್ಕದ ಜೇಬಿನಲ್ಲಿ ಎರಡು ಬಾಟಲಿ ಇದ್ದರೆ ಒಂದನ್ನೇ ಖಾಲಿ ಮಾಡಬೇಡಿ, ಅದರಿಂದಿಷ್ಟು ಇದರಿಂದಿಷ್ಟು ಕುಡಿಯಿರಿ. ಚಪ್ಪಲಿ, ಲೋಟ, ಮ್ಯಾಟ್ ಎಲ್ಲವನ್ನೂ ಹೊರಗೆ ನೇತುಹಾಕುವ ಅಭ್ಯಾಸವಿದ್ದರೆ ಬಿಡಿ. ತೂಗಾಡುವ ಪ್ರತಿ ವಸ್ತುವೂ ನಿಮ್ಮನ್ನು ಎಳೆಯುತ್ತದೆ, ಜೊತೆಗೆ ಕಾಡಿನ ಇಕ್ಕಟ್ಟಾದ ದಾರಿಯಲ್ಲಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ.

ಸಲಹೆ 2: "ಸೊಂಟದ ಬೆಲ್ಟ್ ಶೋಕಿಗೆ"

ಚಾರಣದ ಬ್ಯಾಗಿನಲ್ಲಿ ಅತಿ ಮುಖ್ಯವಾದ ಭಾಗವೇ ಆ ಬೆಲ್ಟು. ಹೆಗಲ ಮೇಲೆ ಇರುವುದು ತೆಳುವಾದ ಸ್ನಾಯು, ಅದರ ಕೆಳಗೆ ಕತ್ತಿನಿಂದ ಕೈಗೆ ಇಳಿಯುವ ನರಗಳ ಗೊಂಚಲು. ಸೊಂಟದಲ್ಲಿ ಇರುವುದು ಗಟ್ಟಿಮುಟ್ಟಾದ ಮೂಳೆ, ಅದರ ಕೆಳಗೆ ದೇಹದ ಅತಿ ದೊಡ್ಡ ಸ್ನಾಯುಗಳಿರುವ ತೊಡೆ. ಭಾರ ಯಾರಿಗೆ ಒಪ್ಪಿಸಬೇಕು ಎಂದು ಬೇರೆ ಹೇಳಬೇಕಿಲ್ಲ.

ಹಾಗಂತ ಉತ್ಪ್ರೇಕ್ಷೆಯೂ ಬೇಡ. "ಬೆಲ್ಟ್ ಕಟ್ಟಿದರೆ 80% ಭಾರ ಸೊಂಟಕ್ಕೆ ಹೋಗುತ್ತದೆ" ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅಮೆರಿಕದ ಸೇನಾ ಸಂಶೋಧಕರು ಚೌಕಟ್ಟಿರುವ ಬ್ಯಾಗನ್ನು ಹೊತ್ತು ನಡೆಯುವವರ ಮೇಲೆ ಮಾಡಿ 2004ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಕೆಳಬೆನ್ನು-ಸೊಂಟದ ಭಾಗಕ್ಕೆ ವರ್ಗವಾದದ್ದು ಸುಮಾರು 30%. ಬ್ಯಾಗು, ಮೈಕಟ್ಟು, ಕಟ್ಟುವ ರೀತಿ ಬದಲಾದರೆ ಈ ಅಂಕಿಯೂ ಬದಲಾಗಬಹುದು. ಆದರೆ 10 ಕೆ.ಜಿ. ಬ್ಯಾಗಿನಲ್ಲಿ 3 ಕೆ.ಜಿ. ಹೆಗಲಿನಿಂದ ಇಳಿದರೂ ದಿನವಿಡೀ ನಡೆಯುವವರಿಗೆ ಅದು ದೊಡ್ಡ ನಿರಾಳ.

ಬೆಲ್ಟ್ ಬಳಸದೆ ಭಾರವನ್ನೆಲ್ಲ ಹೆಗಲಿಗೇ ಹಾಕಿ ತಾಸುಗಟ್ಟಲೆ ನಡೆದರೆ ಬರೀ ನೋವಲ್ಲ, ಕೈ ಜೋಮು ಹಿಡಿಯಬಹುದು, ತೋಳು ಎತ್ತಲಾಗದಷ್ಟು ಬಲಹೀನವಾಗಬಹುದು. ವೈದ್ಯರು ಇದನ್ನು 'ರಕ್‌ಸ್ಯಾಕ್ ಪಾಲ್ಸಿ' ಎನ್ನುತ್ತಾರೆ. ಭಾರದ ಚೀಲ ಹೊರುವ ಸೈನಿಕರಲ್ಲಿ ಇದು ಹಳೆಯ ಸಮಸ್ಯೆ. ಹೆಚ್ಚಿನವರಿಗೆ ಭಾರ ಹೊರುವುದು ನಿಲ್ಲಿಸಿದ ಮೇಲೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಆದರೆ ನಡೆಯುವಾಗ ಬೆರಳು ಜುಮುಗುಟ್ಟಿದರೆ "ಇನ್ನೇನು ಬಂತು" ಎಂದು ಮುಂದುವರಿಯಬೇಡಿ. ಬ್ಯಾಗ್ ಇಳಿಸಿ, ಪಟ್ಟಿ ಸರಿಪಡಿಸಿ. ಮನೆಗೆ ಬಂದ ಮೇಲೂ ಜೋಮು ಅಥವಾ ಬಲಹೀನತೆ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಬ್ಯಾಗ್ ಹಾಕಿಕೊಳ್ಳುವ ಸರಿಯಾದ ಕ್ರಮ

ಇದನ್ನು ಬೇಕಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1. ಎಲ್ಲ ಪಟ್ಟಿಗಳನ್ನೂ ಸಡಿಲ ಮಾಡಿ.
2. ಬ್ಯಾಗನ್ನು ನೆಲದಿಂದ ಒಂದೇ ಏಟಿಗೆ ಬೆನ್ನಿಗೆ ಎಸೆದುಕೊಳ್ಳಬೇಡಿ. ಮೊದಲು ಮಂಡಿ ಬಗ್ಗಿಸಿ ತೊಡೆಯ ಮೇಲಿಟ್ಟುಕೊಳ್ಳಿ, ಒಂದು ತೋಳು ತೂರಿಸಿ, ಆಮೇಲೆ ಇನ್ನೊಂದು.
3. ಎರಡೂ ಕೈ ಸೊಂಟದ ಮೇಲಿಟ್ಟುಕೊಂಡರೆ ಬೆರಳಿಗೆ ಸಿಗುವ ಗಟ್ಟಿ ಮೂಳೆಯ ಅಂಚಿದೆಯಲ್ಲ, ಬೆಲ್ಟಿನ ನಡುಭಾಗ ಸರಿಯಾಗಿ ಅದರ ಮೇಲೆ ಬರಲಿ. ಹೊಟ್ಟೆಯ ಮೇಲಲ್ಲ. ಮೊದಲು ಇದನ್ನೇ ಬಿಗಿಯಿರಿ.
4. ಈಗ ಹೆಗಲ ಪಟ್ಟಿ ಎಳೆಯಿರಿ. ಬ್ಯಾಗು ಬೆನ್ನಿಗೆ ಅಂಟಬೇಕು, ಆದರೆ ಭಾರ ಸೊಂಟದಿಂದ ಮೇಲೇಳಬಾರದು.
5. ಹೆಗಲ ಮೇಲಿಂದ ಬ್ಯಾಗಿನ ನೆತ್ತಿಗೆ ಹೋಗುವ ಸಣ್ಣ ಪಟ್ಟಿಗಳಿದ್ದರೆ ಸುಮಾರು 45 ಡಿಗ್ರಿ ಓರೆಯಾಗಿರುವಂತೆ ಮೆಲ್ಲಗೆ ಬಿಗಿಯಿರಿ. ಬ್ಯಾಗಿನ ಮೇಲ್ಭಾಗ ಹಿಂದಕ್ಕೆ ವಾಲುವುದನ್ನು ಇವು ತಡೆಯುತ್ತವೆ.
6. ಕೊನೆಗೆ ಎದೆಯ ಪಟ್ಟಿ. ಇದು ಹೆಗಲ ಪಟ್ಟಿ ಜಾರದಂತೆ ಹಿಡಿಯಲು ಮಾತ್ರ. ಆಳವಾಗಿ ಉಸಿರು ಎಳೆದುಕೊಂಡು ನೋಡಿ, ಕಟ್ಟಿದಂತಾದರೆ ಸಡಿಲಿಸಿ.

ಬ್ಯಾಗ್ ಕೊಳ್ಳುವಾಗ ಲೀಟರ್ ಮಾತ್ರ ನೋಡಬೇಡಿ, ಬೆನ್ನಿನ ಉದ್ದಕ್ಕೆ ಹೊಂದುತ್ತದೆಯೇ ನೋಡಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಅಂಚಿನ ಮಟ್ಟದವರೆಗೆ ದರ್ಜಿಯ ಟೇಪಿನಿಂದ ಅಳೆಸಿಕೊಳ್ಳಿ. ಅದೇ ನಿಮ್ಮ ಅಳತೆ. ಎತ್ತರದ ವ್ಯಕ್ತಿಗೆ ಬೆನ್ನು ಉದ್ದವೇ ಇರಬೇಕೆಂದಿಲ್ಲ, ಕಾಲು ಉದ್ದವಿರಬಹುದು.

"ನಮ್ಮತ್ರ ಇರೋದು ಕಾಲೇಜ್ ಬ್ಯಾಗೇ" ಎನ್ನುತ್ತೀರಾ? ಒಂದು ದಿನದ ಚಾರಣಕ್ಕೆ ನಡೆಯುತ್ತದೆ. ಅಂಥ ಬ್ಯಾಗಿನಲ್ಲಿ ತೆಳುವಾದ ಸೊಂಟದ ಪಟ್ಟಿ ಇದ್ದರೂ ಅದು ಅಲುಗಾಟ ತಡೆಯುತ್ತದೆ, ಭಾರ ಹೊರುವುದಿಲ್ಲ. ಹಾಗಾಗಿ ಭಾರ ಕಡಿಮೆ ಇಡಿ, ಪಟ್ಟಿ ಗಿಡ್ಡ ಮಾಡಿ ಬ್ಯಾಗಿನ ತಳ ಸೊಂಟಕ್ಕಿಂತ ಕೆಳಗೆ ಜೋಲದಂತೆ ನೋಡಿಕೊಳ್ಳಿ, ಎರಡೂ ಹೆಗಲಿಗೆ ಹಾಕಿಕೊಳ್ಳಿ.

ಸಲಹೆ 3: "ನೀರು ಒಂದು ಲೀಟರ್ ಸಾಕು"

ಒಂದು ಲೀಟರ್ ನೀರು ಎಂದರೆ ಒಂದು ಕೆ.ಜಿ. ಬ್ಯಾಗಿನಲ್ಲಿ ಅತಿ ಭಾರದ ಸಾಮಾನು ಅದೇ. ಹಾಗಾಗಿ ಕತ್ತರಿ ಮೊದಲು ಅದಕ್ಕೇ ಬೀಳುತ್ತದೆ. ಆದರೆ ಬಿಸಿಲಲ್ಲಿ ಬೆಟ್ಟ ಹತ್ತುವಾಗ ಗಂಟೆಗೆ ಸುಮಾರು ಅರ್ಧ ಲೀಟರ್ ಎಂಬುದು ಸಾಮಾನ್ಯ ಅಂದಾಜು. ಆರು ಗಂಟೆ ನಡೆದರೆ ಮೂರು ಲೀಟರ್.

ಕುಮಾರ ಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಹತ್ತಬೇಕಾದ್ದು ಸುಮಾರು 1,600 ಮೀಟರ್. ಮನೆಯ ಮೆಟ್ಟಿಲು 16 ಸೆಂ.ಮೀ. ಎಂದು ಹಿಡಿದರೆ 10,000 ಮೆಟ್ಟಿಲು ಹತ್ತಿದ ಲೆಕ್ಕ. ಅನಗತ್ಯವಾದ ಒಂದು ಕೆ.ಜಿ. ಸಾಮಾನನ್ನು ಹತ್ತು ಸಾವಿರ ಬಾರಿ ಎತ್ತುವುದು ಮೂರ್ಖತನ. ಆದರೆ ಅಷ್ಟು ಹತ್ತುವ ದೇಹಕ್ಕೆ ನೀರು ಕೊಡದಿರುವುದು ಅದಕ್ಕಿಂತ ದೊಡ್ಡ ಮೂರ್ಖತನ.

ನೀರಿನ ಭಾರ ಇಳಿಸಲು ಸರಿಯಾದ ದಾರಿಯೂ ಇದೆ. ನಡುವೆ ನೀರು ಸಿಗುವ ಜಾಗ ಯಾವುದು, ಈ ತಿಂಗಳಲ್ಲಿ ಅಲ್ಲಿ ನೀರಿದೆಯೇ ಎಂದು ಊರಿನವರನ್ನೋ ಅರಣ್ಯ ಸಿಬ್ಬಂದಿಯನ್ನೋ ಕೇಳಿ ಖಚಿತ ಮಾಡಿಕೊಳ್ಳಿ. ಖಚಿತವಾದರೆ ಅಲ್ಲಿಯವರೆಗೆ ಬೇಕಾದಷ್ಟೇ ಹೊತ್ತು, ಅಲ್ಲಿ ತುಂಬಿಸಿಕೊಳ್ಳಿ. ಖಚಿತವಿಲ್ಲದಿದ್ದರೆ ಪೂರ್ತಿ ಹೊರಿ. ಎರಡು ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ, ಅವಕ್ಕೆ ತೂಕವೇ ಇಲ್ಲ.

ಸಲಹೆ 4: "ದೊಡ್ಡ ಬ್ಯಾಗ್, ಯಾವುದಕ್ಕೂ ಇರಲಿ"

ಜಾಗ ಇದ್ದಷ್ಟೂ ಸಾಮಾನು ಬಂದು ಕೂರುತ್ತದೆ. ಮನೆಗೂ ಬ್ಯಾಗಿಗೂ ಇದು ಒಂದೇ. ಒಂದು ದಿನಕ್ಕೆ 20ರಿಂದ 30 ಲೀಟರಿನ ಬ್ಯಾಗು ಸಾಕು. ಒಂದೆರಡು ರಾತ್ರಿ ಉಳಿಯುವುದಾದರೆ 40ರಿಂದ 50 ಲೀಟರ್.

ಭಾರ ಎಷ್ಟಿರಬೇಕು? ಶಾಲಾ ಮಕ್ಕಳ ಬ್ಯಾಗು ದೇಹದ ತೂಕದ 10% ಮೀರಬಾರದು ಎಂದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ಮಕ್ಕಳನ್ನು ಚಾರಣಕ್ಕೆ ಕರೆದೊಯ್ಯುವಾಗಲೂ ಅದೇ ಮಿತಿ ಇರಲಿ. ದೊಡ್ಡವರಿಗೆ ಒಂದು ದಿನದ ಚಾರಣಕ್ಕೆ 10%, ರಾತ್ರಿ ಉಳಿಯುವ ಚಾರಣಕ್ಕೆ 20% ಒಳಗೆ ಎಂಬುದು ಚಾರಣಿಗರ ರೂಢಿಯ ಲೆಕ್ಕ. ಇದು ಕಾನೂನಲ್ಲ, ಅಂದಾಜು. ದಪ್ಪಗಿರುವವರು "ನನ್ನ ತೂಕ 95, ಹಾಗಾಗಿ 19 ಕೆ.ಜಿ. ಹೊರಬಹುದು" ಎಂದುಕೊಳ್ಳಬಾರದು. ಅವರ ಕಾಲುಗಳು ಆಗಲೇ ಅವರದೇ ಮೈಭಾರ ಹೊರುತ್ತಿವೆ. ಮೈಕಟ್ಟು ದೊಡ್ಡದಾದಂತೆ ಹೊರಬಲ್ಲ ಶೇಕಡಾವಾರು ಪಾಲು ಕಡಿಮೆಯಾಗುತ್ತದೆ ಎಂದು ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ಮೈಕೆಲ್ ಓಶಿಯಾ 2014ರ ಲೇಖನವೊಂದರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

60 ಕೆ.ಜಿ. ತೂಕದವರ ಒಂದು ದಿನದ ಬ್ಯಾಗು ಹೀಗಿರಬಹುದು: ಖಾಲಿ ಬ್ಯಾಗು 1 ಕೆ.ಜಿ., ನೀರು 3 ಕೆ.ಜಿ., ಚಪಾತಿ-ಚಟ್ನಿಪುಡಿ, ಚಿಕ್ಕಿ, ಖರ್ಜೂರ, ಬಾಳೆಹಣ್ಣು ಸೇರಿ 800 ಗ್ರಾಂ, ಮಳೆ ಅಂಗಿ 400, ಸ್ವೆಟರ್ 400, ಔಷಧಿ ಪೊಟ್ಟಣ 300, ಟಾರ್ಚ್ 100. ಒಟ್ಟು 6 ಕೆ.ಜಿ. ಸರಿಯಾಗಿ 10%. ಸ್ಪೀಕರಿಗೆ ಜಾಗವಿಲ್ಲ. ಅದು ಕಾಡಿಗೂ ಒಳ್ಳೆಯದು.

ತೂಗುವುದು ಸುಲಭ. ಮನೆಯ ತೂಕದ ಯಂತ್ರದ ಮೇಲೆ ಬ್ಯಾಗಿಲ್ಲದೆ ಒಮ್ಮೆ, ಬ್ಯಾಗ್ ಹಾಕಿಕೊಂಡು ಒಮ್ಮೆ ನಿಂತು ಕಳೆಯಿರಿ. ಆಮೇಲೆ ಬ್ಯಾಗ್ ಹಾಕಿಕೊಂಡೇ ಮೆಟ್ಟಿಲು ಹತ್ತಿ ಇಳಿದು ಹದಿನೈದು ನಿಮಿಷ ಓಡಾಡಿ. ಎಲ್ಲಿ ಚುಚ್ಚುತ್ತದೆ ಎಂಬುದು ಮನೆಯಲ್ಲೇ ಗೊತ್ತಾಗಲಿ. ಜೀನ್ಸ್ ಬಿಡಿ. ಅದು ಒಣಗಿದ್ದಾಗಲೇ ಭಾರ, ಒದ್ದೆಯಾದರೆ ಇನ್ನೂ ಭಾರ, ಬೇಗ ಒಣಗುವುದೂ ಇಲ್ಲ.

"ಶೆರ್ಪಾಗಳು ಹೊರುತ್ತಾರಲ್ಲ?"

ಈ ಪ್ರಶ್ನೆ ಪ್ರತಿ ಗುಂಪಿನಲ್ಲೂ ಬರುತ್ತದೆ. ನಿಜ, ನೇಪಾಳದ ನಾಮ್ಚೆ ಸಂತೆಗೆ ಸಾಮಾನು ಹೊರುವ ಹಮಾಲರ ಮೇಲೆ ನಡೆದ, 'ಸೈನ್ಸ್' ಪತ್ರಿಕೆಯಲ್ಲಿ 2005ರಲ್ಲಿ ಬಂದ ಅಧ್ಯಯನದ ಪ್ರಕಾರ ಗಂಡಸರು ಸರಾಸರಿ ತಮ್ಮ ಮೈತೂಕದ 93%, ಹೆಂಗಸರು 66% ಭಾರ ಹೊರುತ್ತಿದ್ದರು. ಅವರು ಹೊರುವುದು ಹಣೆಗೆ ಪಟ್ಟಿ ಕಟ್ಟಿ, ಎಷ್ಟೋ ವರ್ಷಗಳ ರೂಢಿಯಿಂದ, ಹೊಟ್ಟೆಪಾಡಿಗಾಗಿ. ಅದನ್ನು ಶನಿವಾರ-ಭಾನುವಾರದ ಚಾರಣಿಗರು ಅನುಕರಿಸುವುದು ಬೇಡ. ಅವರಿಂದ ಕಲಿಯಬೇಕಾದದ್ದು ಬೇರೆ. ಅವರು ನಿಧಾನ ನಡೆಯುತ್ತಾರೆ, ಪದೇ ಪದೇ ನಿಂತು ದಣಿವಾರಿಸಿಕೊಳ್ಳುತ್ತಾರೆ. ಬೆಟ್ಟದಲ್ಲಿ ಓಡಿದವನಿಗಿಂತ ನಿಂತು ನಿಂತು ನಡೆದವನು ಕ್ಷೇಮವಾಗಿ ತಲುಪುತ್ತಾನೆ.

ಎರಡು ಮಾತು, ಇಳಿಯುವವರಿಗೆ

"ಹತ್ತುವುದೇ ಕಷ್ಟ, ಇಳಿಯುವುದು ಸಲೀಸು" ಎಂಬುದು ಶ್ವಾಸಕೋಶದ ಮಾತು, ಮಂಡಿಯದ್ದಲ್ಲ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಬ್ರೇಕ್ ಹಾಕುವ ಕೆಲಸ ಮಾಡಬೇಕು. ಬ್ಯಾಗಿನ ಪ್ರತಿ ಕೆ.ಜಿ.ಯೂ ಆ ಬ್ರೇಕಿನ ಮೇಲೆ ಬೀಳುತ್ತದೆ. ಆದ್ದರಿಂದ ಇಳಿಯುವ ಮುನ್ನ ಸೊಂಟದ ಬೆಲ್ಟ್ ಮತ್ತೊಮ್ಮೆ ಬಿಗಿಯಿರಿ, ಖಾಲಿಯಾದ ಜಾಗಕ್ಕೆ ಸಾಮಾನು ಸರಿಸಿ ಅಲುಗದಂತೆ ಮಾಡಿ, ಸಣ್ಣ ಹೆಜ್ಜೆ ಇಡಿ. ಕೈಯಲ್ಲೊಂದು ಕೋಲಿದ್ದರೆ ಮಂಡಿಗೆ ಬೀಳುವ ಹೊರೆಯಲ್ಲಿ ಸ್ವಲ್ಪ ಪಾಲು ತೋಳು ಹಂಚಿಕೊಳ್ಳುತ್ತದೆ.

ಇನ್ನು ಮಳೆ. ಬ್ಯಾಗಿನ ಮೇಲೆ ಹಾಕುವ ಕವರನ್ನೇ ನಂಬಬೇಡಿ. ನೀರು ನಿಮ್ಮ ಬೆನ್ನಿನಿಂದ ಇಳಿದು ಬ್ಯಾಗಿನ ಒಳಮೈಗೆ ಸೇರುತ್ತದೆ. ದಪ್ಪನೆಯ ಒಂದು ಚೀಲವನ್ನು ಬ್ಯಾಗಿನೊಳಗೆ ಅಸ್ತರಿಯಂತೆ ಹಾಕಿ, ಅದರೊಳಗೆ ಸಾಮಾನು ತುಂಬಿ ಬಾಯಿ ಸುತ್ತಿ. ಆ ಚೀಲ, ಖಾಲಿ ಬಾಟಲಿ, ಚಿಕ್ಕಿಯ ಕವರ್ ಎಲ್ಲವೂ ನಿಮ್ಮ ಜೊತೆಯೇ ಮನೆಗೆ ವಾಪಸ್ ಬರಲಿ.

ಒಟ್ಟಿನಲ್ಲಿ ನೆನಪಿಡಬೇಕಾದ್ದು ಇಷ್ಟು: ಭಾರ ನಡುವೆ, ಬೆನ್ನಿಗೆ ಹತ್ತಿರ, ಸೊಂಟದ ಮೂಳೆಯ ಮೇಲೆ. ಬಿಡುವುದಾದರೆ ಸ್ಪೀಕರ್ ಬಿಡಿ, ನೀರನ್ನಲ್ಲ. ನಮ್ಮ ಗೆಳೆಯ ಈಗಲೂ ಚಾರಣಕ್ಕೆ ಬರುತ್ತಾನೆ. ಹೊರಡುವ ಹಿಂದಿನ ರಾತ್ರಿ ಎಲ್ಲರ ಬ್ಯಾಗನ್ನೂ ತೂಗಿ ನೋಡುವವನು ಅವನೇ. ನಿಮ್ಮ ಗುಂಪಿನಲ್ಲೂ "ಯಾರ್ಯಾರು ಬರ್ತೀರಾ" ಎಂಬ ಸಂದೇಶ ಬಂದಿದ್ದರೆ, ಅದರ ಕೆಳಗೆ ಇದನ್ನೂ ಕಳಿಸಿಬಿಡಿ.